ಹನ್ನೊಂದು ತಿಂಗಳು ತಡವಾಗಿ ಹಾಕಿದ ಮೂರು ಹಿಡಿ ಮಣ್ಣು: ನಮ್ಮ ಸಭೆಯ ಬುಧವಾರದ ಕೂಟದ ಒಂದು ಪ್ರಕರಣ

ಇದು ಗಂಡನ್ನ ಕಳ್ಕೊಂಡು ನಮ್ಮ ಕೂಟಕ್ಕೆ ಬಂದ ಒಬ್ಬರ ವಿಷಯ. ಅವರನ್ನ ಅಕ್ಕಾರು ಅಂತಾನೇ ಕರೀತೀನಿ, ಹೆಸರು ಬೇಡ. ಬರ್ದಿದ್ದನ್ನ ಅವರಿಗೆ ಪೂರ್ತಿ ಓದಿ ಹೇಳಿದೀನಿ, ಎರಡು ಸಂಗತಿ ತೆಗೀರಿ ಅಂದ್ರು, ತೆಗೆದಿದೀನಿ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದೀನಿ. ಊರು ಧಾರವಾಡ ಜಿಲ್ಲೆ. ಸಭೆ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪರಂಪರೆಯದ್ದು, 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳು 1837ಕ್ಕೆಲ್ಲ ಘಟ್ಟ ಹತ್ತಿ ಧಾರವಾಡಕ್ಕೆ ಬಂದಿದ್ರಲ್ಲ, ಆ ಬೇರು. ನಾನು ಶಿವಮೊಗ್ಗ ಕಡೆಯವಳು, ಹೈಸ್ಕೂಲ್ ಟೀಚರ್, ಟ್ರಾನ್ಸ್‌ಫರ್ ಆಗಿ ಬಂದು ಇಲ್ಲೇ ಉಳ್ಕೊಂಡೆ, ಸ್ತ್ರೀಯರ ಕೂಟದಲ್ಲಿ ಕೆಲಸ ಮಾಡ್ತೀನಿ. ಕೌನ್ಸೆಲಿಂಗ್ ಓದಿದವಳಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಅಕ್ಕಾರ ಮಾತನ್ನ ಮಾತ್ರ ಅವರು ಆಡಿದ ಹಾಗೇ ಬರೀತೀನಿ.

ಬೇರೆ ಸಭೆಗಳೋರು ಫೋನ್ ಮಾಡ್ತಾರೆ, ನಿಮ್ಮಲ್ಲಿ ದುಃಖದಲ್ಲಿರೋರಿಗೆ ಒಂದು ಕೂಟ ನಡೀತಿದ್ಯಂತೆ, ನಾವೂ ಶುರು ಮಾಡ್ಬೇಕು, ಏನೇನು ರೂಲ್ಸ್ ಇಟ್ಕೊಂಡಿದೀರಿ ಅಂತ. ರೂಲ್ಸ್ ಕಳಿಸೋದು ಸುಲಭ. ಆದ್ರೆ ಒಬ್ಬರ ವಿಷಯ ಮೊದಲಿಂದ ಕೊನೆವರೆಗೂ ಹೇಳಿದ್ರೆ, ಅದರಲ್ಲಿ ನಾವು ತಪ್ಪಿದ್ದನ್ನೂ ಬಿಡದೆ ಹೇಳಿದ್ರೆ, ಹೆಚ್ಚು ಉಪಯೋಗ ಆಗುತ್ತೆ ಅನ್ಸುತ್ತೆ.

ಅಕ್ಕಾರ ಗಂಡ ಪ್ರೈಮರಿ ಶಾಲೆ ಮಾಸ್ತರು, ರಿಟೈರ್ ಆಗಿ ಮೂರು ವರ್ಷ ಆಗಿತ್ತು. ತೀರ್ಕೊಂಡಿದ್ದು 2021ರ ಮೇ ತಿಂಗಳಲ್ಲಿ. ಆ ಮೇ ತಿಂಗಳು ನೆನಪಿರೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, 5ನೇ ತಾರೀಕು ಒಂದೇ ದಿನ ಕರ್ನಾಟಕದಲ್ಲಿ 50 ಸಾವಿರದ ಮೇಲೆ ಹೊಸ ಕೋವಿಡ್ ಕೇಸ್, 10ರಿಂದ ಪೂರ್ತಿ ಲಾಕ್‌ಡೌನ್, ಬೆಡ್ಡಿಗೊಂದು ಕಡೆ ಆಕ್ಸಿಜನ್ನಿಗೊಂದು ಕಡೆ ಓಡಾಟ. ಮಾಸ್ತರು ಆರು ದಿನ ಆಸ್ಪತ್ರೇಲಿದ್ರು, ಏಳನೇ ದಿನ ಬೆಳಿಗ್ಗೆ ಫೋನ್ ಬಂತು. ದೇಹ ಮನೆಗೂ ಬರ್ಲಿಲ್ಲ ಚರ್ಚಿಗೂ ಬರ್ಲಿಲ್ಲ, ನೇರ ಸ್ಮಶಾನಕ್ಕೆ. ಅಕ್ಕಾರಿಗೂ ಪಾಸಿಟಿವ್, ಒಂದು ರೂಮಲ್ಲಿ ಒಬ್ಬರೇ. ಮಗ ದೂರ ನಿಂತು ವಿಡಿಯೋ ಕಾಲ್ ಮಾಡಿ ತೋರಿಸ್ತಿದ್ದ. ಪಿಪಿಇ ಹಾಕ್ಕೊಂಡ ನಾಲ್ಕು ಜನ ಹಗ್ಗ ಹಿಡ್ಕೊಂಡು ಇಳಿಸ್ತಿದ್ರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಮತ್ತೆ ಸಿಕ್ಕೋ ಹೊತ್ತಿಗೆ ಗುಂಡಿ ಮುಚ್ಚಿಬಿಟ್ಟಿತ್ತು. ಈ ನೆಟ್‌ವರ್ಕ್ ಹೋದ ವಿಷಯ ನಮಗೆ ಗೊತ್ತಾಗಿದ್ದು ಹತ್ತು ತಿಂಗಳಾದ ಮೇಲೆ, ಅದನ್ನ ಆಮೇಲೆ ಹೇಳ್ತೀನಿ.

ಇಬ್ಬರೂ ಕ್ವಾಯರ್‌ನೋರು, ಚರ್ಚಲ್ಲಿ ಹಾಡೋ ತಂಡದೋರು. ಮದುವೆ ಆದಾಗಿಂದ ಅಕ್ಕಾರು ಆಲ್ಟೋ (ಹೆಂಗಸರ ತಗ್ಗಿನ ದನಿ), ಮಾಸ್ತರು ಬೇಸ್ (ಗಂಡಸರ ತಗ್ಗಿನ ದನಿ), ಕ್ರಿಸ್ಮಸ್ ಬಂದ್ರೆ ನವೆಂಬರ್ ತಿಂಗಳಿಂದಾನೇ ಅವರ ಮನೇಲೇ ಪ್ರಾಕ್ಟೀಸ್. ಜುಲೈನಲ್ಲಿ ಚರ್ಚ್ ಬಾಗಿಲು ತೆರೆದಾಗ ಅಕ್ಕಾರು ಬಂದ್ರು, ಕ್ವಾಯರ್ ಕಡೆ ಹೋಗ್ಲಿಲ್ಲ, ಹಿಂದಿನ ಬೆಂಚಲ್ಲಿ ಕೂತ್ರು. ಹಾಡು ಶುರುವಾದ್ರೆ ಎದ್ದು ಹೊರಗೆ ಹೋಗೋರು, ಪ್ರಸಂಗಕ್ಕೆ, ಅಂದ್ರೆ ಉಪದೇಶದ ಹೊತ್ತಿಗೆ, ಒಳಗೆ ಬರೋರು. ಆಗಸ್ಟಲ್ಲಿ ಅದೂ ನಿಂತೋಯ್ತು.

ನಾವೇನು ಸುಮ್ನಿದ್ವಾ, ಇಲ್ಲ. ವಾರಕ್ಕೊಬ್ಬರು ಮನೆಗೆ ಹೋಗಿ ಬಂದ್ವಿ, ಪ್ರಾರ್ಥನೆ ಮಾಡಿದ್ವಿ, ಅಕ್ಕಿ ಬೇಳೆ ಕೊಟ್ವಿ. ಆದ್ರೆ ಹೋದೋರೆಲ್ಲ ಒಂದೇ ಮಾತು ಆಡಿ ಬಂದಿದೀವಿ: ದೇವರ ಚಿತ್ತ, ಕರ್ತನು ತನಗೆ ಪ್ರಿಯರಾದವರನ್ನ ಬೇಗ ಕರ್ಕೋತಾನೆ, ಎಲ್ಲಾದಕ್ಕೂ ಸ್ತೋತ್ರ ಮಾಡ್ಬೇಕು, ಮಗನ್ನ ನೋಡ್ಕೊಂಡು ಗಟ್ಟಿಯಾಗಿರ್ರಿ. ನಾನೂ ಆಡಿದೀನಿ. ಒಂದಿನ ಹೊರಡೋವಾಗ ಗೇಟ್ ತನಕ ಬಂದು ಅಕ್ಕಾರು ಅಂದ್ರು, "ಟೀಚರ್ರ, ಬಂದಾವ್ರೆಲ್ಲಾ ದೇವ್ರ ಕಡಿಂದ ವಕೀಲಕಿ ಮಾಡಾಕ ಬರ್ತೀರಿ. ನನ್ನ ಕಡಿಂದ ಮಾತಾಡಾಕ ಯಾರರ ಅದಾರೇನ್ರಿ?"

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಅಯ್ಯನವರ, ಅಂದ್ರೆ ನಮ್ಮ ಸಭೆಯ ಪಾದ್ರಿಯವರ, ಹತ್ರ ಹೋಗಿ ಹೇಳಿದೆ. ನಮ್ಮ ಅಯ್ಯನವರು ಆ ಎರಡು ತಿಂಗಳಲ್ಲಿ ಇದೇ ಸಭೆಯ ಒಂಬತ್ತು ಜನರನ್ನ ಮಣ್ಣು ಮಾಡಿದವರು, ಎಷ್ಟೋ ಸಲ ಗೇಟಿನ ಹೊರಗೆ ನಿಂತ್ಕೊಂಡೇ. ಕೇಳಿಸ್ಕೊಂಡು ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ. ಆಮೇಲೆ ಸತ್ಯವೇದದಲ್ಲಿ, ಅಂದ್ರೆ ಬೈಬಲಿನಲ್ಲಿ, ಮಕ್ಕಳು ಆಸ್ತಿ ಆರೋಗ್ಯ ಎಲ್ಲ ಕಳ್ಕೊಂಡ ಯೋಬನ ವಿಷಯ ತೆಗೆದ್ರು. ಯೋಬನ ಸ್ನೇಹಿತರನ್ನ ನಾವು ಯಾವಾಗ್ಲೂ ಬೈತೀವಿ, ಆದ್ರೆ ಬಂದ ಮೊದಲನೇ ವಾರ ಅವರು ಸರಿಯಾಗೇ ಇದ್ರು, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತ್ರು, ಒಬ್ಬರೂ ಬಾಯಿ ತೆರೀಲಿಲ್ಲ, ಯಾಕಂದ್ರೆ ಅವನ ಸಂಕಟ ಅಷ್ಟು ದೊಡ್ಡದು ಅಂತ ಕಣ್ಣಿಗೇ ಕಾಣ್ತಿತ್ತು. ಕೆಟ್ಟಿದ್ದು ಬಾಯಿ ತೆರೆದ ಮೇಲೆ. ಕೊನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗೋದೂ ದೇವರ ಪರವಾಗಿ ವಾದ ಮಾಡಿದ ಆ ಸ್ನೇಹಿತರ ಮೇಲೇ, ಜಗಳ ಆಡಿದ ಯೋಬನ ಮೇಲಲ್ಲ. "ನಾವೂ ಏಳು ದಿನ ಸುಮ್ನ ಕುಂದರೂದು ಕಲಿಯೋಣ್ರಿ" ಅಂದ್ರು. ಬುಧವಾರದ ಕೂಟ ಅಲ್ಲಿಂದ ಶುರು, ಸೆಪ್ಟೆಂಬರ್ 2021.

ಜಾಗ ಹಳೇ ಸಂಡೇ ಸ್ಕೂಲ್ ರೂಮು. ಮಂಗಳೂರು ಹೆಂಚಿನ ಮಾಡು, ಗೋಡೆಗೆ ಸುಣ್ಣ, ಮಳೆ ಬಂದ್ರೆ ಒಂದು ಮೂಲೆ ಸೋರುತ್ತೆ. ದೊಡ್ಡ ಹಾಲ್ ಬೇಡ ಅಂತ ಬೇಕಂತಲೇ ಇದನ್ನ ಆರಿಸ್ಕೊಂಡಿದ್ದು, ಹಾಲಲ್ಲಿ ಅತ್ತರೆ ದನಿ ತಿರುಗಿ ಬರುತ್ತೆ, ಅಳೋರಿಗೆ ನಾಚಿಕೆ ಆಗುತ್ತೆ. ಸಂಜೆ ನಾಲ್ಕೂವರೆಯಿಂದ ಆರು. ಮೊದಲು ಬಂದೋರು ಏಳು ಜನ, ಐದು ಹೆಂಗಸರು ಇಬ್ಬರು ಗಂಡಸರು. ನಡುವೆ ಒಂದು ಸ್ಟೂಲ್, ಅದರ ಮೇಲೆ ಹಿತ್ತಾಳೆ ತಂಬಿಗೇಲಿ ನೀರು, ಲೋಟ. ಐದು ನಿಮಿಷ ಸುಮ್ನೆ ಕೂರೋದು. ಸತ್ಯವೇದದಲ್ಲಿರೋ ಹಾಡು-ಪ್ರಾರ್ಥನೆಗಳ ಪುಸ್ತಕದಿಂದ ಒಂದು ಕೀರ್ತನೆ ನಿಧಾನಕ್ಕೆ ಎರಡು ಸಲ ಓದೋದು, ವಿವರಣೆ ಇಲ್ಲ, ಪ್ರಸಂಗ ಇಲ್ಲ. ಆಮೇಲೆ ಯಾರಿಗೆ ಮಾತಾಡ್ಬೇಕೋ ಅವರು. ಒಬ್ಬರು ಮಾತಾಡಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡೋ ಹಾಗಿಲ್ಲ, ನನಗೂ ಹಿಂಗೇ ಆಗಿತ್ತು ಅಂತ ಜೋಡಿಸೋ ಹಾಗಿಲ್ಲ, ದೇವರ ಚಿತ್ತ ಅನ್ನೋ ಮಾತು ಆ ರೂಮಲ್ಲಿ ಬರಕೂಡದು. ಅಳ್ತಿರೋರ ಕೈಗೆ ಕರವಸ್ತ್ರ ಕೊಡಕ್ಕೂ ಹೋಗಬಾರದು ಅಂತ ಇಟ್ಕೊಂಡ್ವಿ, ಕೊಟ್ಟ ತಕ್ಷಣ ಅದು ಸಾಕು ನಿಲ್ಸು ಅಂದ ಹಾಗೆ ಕೇಳ್ಸುತ್ತೆ, ಬೇಕಾದ್ರೆ ಅವರೇ ಸೆರಗು ತಗೋತಾರೆ. ಕೊನೆಗೆ ತೀರ್ಕೊಂಡೋರ ಹೆಸರು ಒಂದೊಂದಾಗಿ ಹೇಳಿ, ಕರ್ತನ ಪ್ರಾರ್ಥನೆ. ಪ್ರಾರ್ಥನೆ ಬಾಯಿಗೆ ಬರದೇ ಇದ್ದೋರು ಸುಮ್ನಿರ್ಬಹುದು, ಅವರ ಪಾಲಿಂದೂ ಉಳಿದೋರು ಹೇಳ್ತಾರೆ.

ಕಮಿಟಿಯ ಒಬ್ಬರು ದುಃಖದ ಐದು ಹಂತ ಅಂತ ಒಂದು ಚಾರ್ಟ್ ಪ್ರಿಂಟ್ ಹಾಕ್ಸಿ ತಂದು ಗೋಡೆಗೆ ಅಂಟ್ಸಿದ್ರು. ಒಳ್ಳೇ ಮನಸ್ಸಿಂದಾನೇ. ಆದ್ರೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಅದನ್ನ ಬರ್ದಿದ್ದು ಸಾವಿನ ಹತ್ತಿರ ಇರೋ ರೋಗಿಗಳ ಜೊತೆ ಮಾತಾಡಿ, ಹಿಂದೆ ಉಳಿದೋರಿಗೆ ಟೈಮ್‌ಟೇಬಲ್ ಹಾಕಿ ಕೊಡಕ್ಕಲ್ಲ. ಅಕ್ಕಾರಂತೂ ಒಂದು ವಾರ ಪೆನ್ಷನ್ ಆಫೀಸಿನ ಓಡಾಟ ಹೇಳಿ ನಗಿಸೋರು, ಮುಂದಿನ ವಾರ ಮಾತೇ ಇಲ್ಲ. ಇದು ಹಿಂದೆ ಬೀಳೋದಲ್ಲ, ನಷ್ಟದ ಕಡೆಗೊಮ್ಮೆ ಬದುಕಿನ ಕಡೆಗೊಮ್ಮೆ ಹೋಗಿ ಬರೋದೇ ದುಃಖದ ನಡಿಗೆ ಅಂತ ನೆದರ್‌ಲೆಂಡ್ಸ್‌ನಲ್ಲಿ ಕೆಲಸ ಮಾಡೋ ಸ್ಟ್ರೋಬ ಮತ್ತು ಶುಟ್ ಅನ್ನೋ ಸಂಶೋಧಕರು 1999ರಲ್ಲಿ ಬರ್ದಿದಾರೆ, ನಾವು ಕಣ್ಣಾರೆ ನೋಡಿದ್ದೂ ಅದೇ. ಚಾರ್ಟ್ ತೆಗೆದ್ವಿ.

ಮೂರನೇ ವಾರ ಎಲ್ಲರೂ ಒಂದೊಂದು ವಸ್ತು ತಂದಿದ್ರು. ಅಕ್ಕಾರು ತಂದಿದ್ದು ಮಾಸ್ತರ ಸಂಗೀತದ ಪುಸ್ತಕ, ಬೈಂಡು ಕಿತ್ತು ಬಂದು ಹಳದಿ ಟೇಪ್ ಹಚ್ಚಿದ್ದು, ಮಧ್ಯ ಮಧ್ಯ ಬಸ್ ಟಿಕೆಟ್ ಗುರುತಿಗೆ ಇಟ್ಟಿದ್ದು. ಒಳಗೆ ಎಷ್ಟೋ ಹಾಡಲ್ಲಿ ಸಾಲಿನ ಮಧ್ಯೆ ಪೆನ್ಸಿಲಿಂದ ಸಣ್ಣ ಅಲ್ಪವಿರಾಮ ಹಾಕಿದ್ರು. ಏನ್ರಿ ಇದು ಅಂದ್ರೆ, ಉಸಿರು ತಗೊಳ್ಳೋ ಜಾಗ ಅಂತೆ. ಮಾಸ್ತರಿಗೆ ದಮ್ಮಿನ ತೊಂದ್ರೆ ಇತ್ತು, ಸಾಲು ಒಂದೇ ಉಸಿರಲ್ಲಿ ಮುಗೀತಿರ್ಲಿಲ್ಲ, ಅದಕ್ಕೆ ಅಲ್ಲಲ್ಲಿ ಗುರುತು. ಅಕ್ಕಾರು ಪುಸ್ತಕ ಯಾರ ಕೈಗೂ ಕೊಡ್ಲಿಲ್ಲ, ತೊಡೆ ಮೇಲಿಟ್ಕೊಂಡು ಒಂದು ಗುರುತಿನ ಮೇಲೆ ಉಗುರಿಂದ ಸವರ್ತಾ ಕೂತಿದ್ರು ಆರು ಗಂಟೆ ತನಕ.

ಐದನೇ ವಾರ 88ನೇ ಕೀರ್ತನೆ ಓದಿದ್ವಿ. ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಗೋಳೇ ಇದೆ, ಆದ್ರೆ ಬಹುಪಾಲು ಕೊನೇಲಿ ಒಂದು ಸ್ತೋತ್ರಕ್ಕೆ ಬಂದು ನಿಲ್ತವೆ. ಈ 88 ಹಾಗಲ್ಲ, ಕತ್ತಲಲ್ಲೇ ಮುಗಿಯುತ್ತೆ. ಎರಡನೇ ಸಲ ಓದಿ ಮುಗಿಸ್ದಾಗ ಅಕ್ಕಾರು, "ಇದು ಸತ್ಯವೇದದಾಗ ಐತೇನ್ರಿ? ಖರೇನ?" ಅಂದ್ರು. ಪುಸ್ತಕ ಇಸ್ಕೊಂಡು ತಾವೇ ಓದಿದ್ರು. "ಹಂಗಾರ ನನ್ನ ಪ್ರಾರ್ಥನಿನೂ ನಡೀತೈತಿ ತಗೋ." ಅವತ್ತು ಮೊದಲ ಸಲ ಅವರು ದೇವರ ಜೊತೆ ಜೋರಾಗಿ ಮಾತಾಡಿದ್ರು. ಜಗಳಾನೇ ಅದು, ಯಾಕ ಕರ್ಕೊಂಡಿ, ಮುಖರ ನೋಡಾಕ ಬಿಡ್ಲಿಲ್ಲಲ್ಲೋ ಅಂತ. ಪಕ್ಕದಲ್ಲಿ 78 ವರ್ಷದ ಆಯಿ ಇದ್ರು, 1994ರಲ್ಲಿ ಹರೆಯದ ಮಗನ್ನ ಕಳ್ಕೊಂಡೋರು, ನಾಲ್ಕು ವಾರದಿಂದ ಹೆಸರು ಬಿಟ್ಟು ಒಂದು ಮಾತೂ ಆಡಿರ್ಲಿಲ್ಲ. ಅಕ್ಕಾರ ದನಿ ಕೇಳಿ ಆಯಿ ಹಾಡ್ಯಾಡಿ ಅಳಕ್ಕೆ ಶುರು ಮಾಡಿದ್ರು. ಈ ಕಡೆಯೋರಿಗೆ ಗೊತ್ತಿರುತ್ತೆ, ಸತ್ತವರ ಗುಣ ಒಂದೊಂದೇ ಎಣಿಸಿ ರಾಗ ಹಚ್ಚಿ ಅಳೋದು, ನಮ್ಮ ಸಭೆಗಳಲ್ಲಿ ಅದು ಹೆಚ್ಚುಕಮ್ಮಿ ನಿಂತೇ ಹೋಗಿದೆ, ಅಂತ್ಯಕ್ರಿಯೆ ಅಂದ್ರೆ ಮೆಲ್ಲಗೆ ಎರಡು ಹಾಡು, ಪ್ರಾರ್ಥನೆ, ಚಹಾ. 27 ವರ್ಷ ಒಳಗೆ ಕೂತಿದ್ದ ಅಳು ಅದು. ನನಗನ್ಸಿದ್ದು, ಕೀರ್ತನೆಗಾರರು ಅತ್ತಿದ್ದೂ ಹೀಗೇ ಹಾಡ್ಯಾಡೇ ಇರ್ಬೇಕು.

ದನಿ ಹೊರಗೆ ಹೋಗಿ ಸಭಾಹಿರಿಯರೊಬ್ಬರು ಬಾಗಿಲ ತನಕ ಬಂದ್ರು, ಭಾನುವಾರ ಕಮಿಟೀಲಿ ಮಾತೆದ್ದಿತು. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬಾರದು ಅಂತ ಪೌಲನು ಥೆಸಲೋನಿಕದವರಿಗೆ ಬರೆದಿಲ್ವಾ, ಇದೇನು ಚರ್ಚೊಳಗೆ ಬೊಬ್ಬೆ ಅಂತ. ಅಯ್ಯನವರು ಕೊಟ್ಟ ಉತ್ತರ ನಾನು ಬರ್ದಿಟ್ಕೊಂಡಿದೀನಿ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂದಿದಾನೆ, ದುಃಖಿಸಲೇಬೇಡಿ ಅಂದಿಲ್ಲ. ಸತ್ತುಹೋಗಿದ್ದ ಲಾಜರನ್ನ ಇನ್ನೇನು ಎಬ್ಬಿಸ್ತೀನಿ ಅಂತ ಯೇಸುವಿಗೆ ಗೊತ್ತಿತ್ತು, ಗೊತ್ತಿದ್ದೂ ಅವನ ಅಕ್ಕತಂಗಿಯರಾದ ಮಾರ್ಥ ಮರಿಯರ ಜೊತೆ ಸಮಾಧಿ ದಾರೀಲಿ ಕಣ್ಣೀರು ಬಿಟ್ಟ. ನಾಲ್ಕು ನಿಮಿಷದಲ್ಲಿ ಎಬ್ಬಿಸೋನೇ ಅತ್ತಿರ್ಬೇಕಾದ್ರೆ ಎಷ್ಟು ವರ್ಷ ಕಾಯ್ಬೇಕೋ ಗೊತ್ತಿಲ್ಲದ ನಮ್ಮ ಹೆಣ್ಮಕ್ಕಳಿಗೆ ಅಳಬೇಡ ಅನ್ನೋಕೆ ನಾವ್ಯಾರು. ಆ ಹಿರಿಯರೇ ಮುಂದೆ ರೂಮಿನ ಮೂಲೆ ಹೆಂಚು ಸರಿ ಮಾಡಿಸ್ಕೊಟ್ರು, ಅದನ್ನೂ ಹೇಳ್ಬೇಕು.

ಈಗ ನಮ್ಮ ತಪ್ಪಿನ ವಿಷಯ. ನಮ್ಮ ತಪ್ಪು ಅಂತೀನಿ, ಮುಖ್ಯವಾಗಿ ನನ್ನದು.

ಡಿಸೆಂಬರ್ ಹೊತ್ತಿಗೆ ಅಕ್ಕಾರು ಭಾನುವಾರಕ್ಕೂ ಬರ್ತಿದ್ರು, ಹಾಡುವಾಗ ಹೊರಗೆ ಹೋಗ್ತಿರ್ಲಿಲ್ಲ, ಬಾಯಿ ಮುಚ್ಕೊಂಡು ಕೂರ್ತಿದ್ರು. ನನಗೆ ಖುಷಿ ಆಗೋಯ್ತು. 31ನೇ ತಾರೀಕು ರಾತ್ರಿ ಆರಾಧನೇಲಿ ಸಾಕ್ಷಿ ಹೇಳೋ, ಅಂದ್ರೆ ದೇವರು ತಮಗೆ ಮಾಡಿದ್ದನ್ನ ಎಲ್ಲರ ಮುಂದೆ ಹೇಳೋ, ಪದ್ಧತಿ ಇದೆಯಲ್ಲ, ನಾನೇ ಹೋಗಿ ಕೇಳ್ಕೊಂಡೆ, ಅಕ್ಕಾ ನೀವು ಎರಡು ಮಾತು ಹೇಳ್ರಿ, ನಿಮ್ಮಂತೋರು ಇನ್ನೂ ಎಷ್ಟೋ ಜನ ಇದಾರೆ, ಬಲ ಬರುತ್ತೆ ಅಂತ. ಅವರು ಇಲ್ಲ ಅನ್ನಕ್ಕಾಗದೆ ಹೂಂ ಅಂದ್ರು. ಎದ್ದು ನಿಂತು, ಕರ್ತನು ನನ್ನ ಕಣ್ಣೀರು ಒರೆಸಿದ್ದಾನೆ, ನನಗೆ ಸಮಾಧಾನ ಕೊಟ್ಟಿದ್ದಾನೆ, ಆತನಿಗೆ ಸ್ತೋತ್ರ ಅಂತ ಮೂರೇ ವಾಕ್ಯ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಜನವರಿ ಮೊದಲ ಬುಧವಾರ ಬರ್ಲಿಲ್ಲ. ಎರಡನೇದೂ ಇಲ್ಲ, ಮೂರನೇದೂ ಇಲ್ಲ, ಫೋನ್ ಎತ್ತಲಿಲ್ಲ.

ಫೆಬ್ರವರೀಲಿ ನಾನೂ ಆಯೀನೂ ಮನೆಗೆ ಹೋದ್ವಿ. ಆಯಿ ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಯ ಕಟ್ಕೊಂಡಿದ್ರು. ಬಾಗಿಲು ತೆಗೆದ ಅಕ್ಕಾರನ್ನ ನೋಡಿ ಗಾಬರಿ ಆಯ್ತು, ರವಿಕೆ ತೋಳು ಸಡ್ಲ ಬಿದ್ದು ನೇತಾಡ್ತಿತ್ತು, ಅಷ್ಟು ಇಳಿದಿದ್ರು. ನಾನು ಏನೋ ಶುರು ಮಾಡಕ್ಕೆ ಹೋದೆ, ಅವರು ನೇರ ಅಂದ್ರು: "ಅವತ್ತ ನಾ ಸುಳ್ಳ ಹೇಳಿನ್ರಿ. ದೇವ್ರ ಮನ್ಯಾಗ ನಿಂದ್ರಿಸಿ ನನ್ನ ಕಡಿಂದ ಸುಳ್ಳ ಹೇಳ್ಸಿದ್ರಿ ನೀವು." ತಪ್ಪಾಯ್ತು ಅಂದೆ, ಬೇರೇನೂ ಹೇಳಕ್ಕಿರ್ಲಿಲ್ಲ. ಆಯಿ ಮಾತ್ರ ಏನೂ ಅನ್ನದೆ ಒಳಗೆ ಹೋಗಿ ತಾಟು ತಂದು ರೊಟ್ಟಿ ಮುರಿದು ಹಾಕಿದ್ರು. ಉಣ್ಣಿಸಿದ್ರು ಅಂದ್ರೂ ತಪ್ಪಿಲ್ಲ. ಉಂಡ ಮೇಲೆ ಅಕ್ಕಾರು ಅಲ್ಲೇ ನೆಲದ ಮೇಲೆ ಮಲ್ಕೊಂಡು ಎರಡು ತಾಸು ನಿದ್ದೆ ಮಾಡಿದ್ರು, ನಾವಿಬ್ರೂ ಪಕ್ಕದಲ್ಲಿ ಕೂತಿದ್ವಿ. ಸತ್ಯವೇದದ ಪ್ರವಾದಿ ಎಲೀಯನು ಸಾಯ್ತೀನಿ ಸಾಕು ಅಂತ ಗಿಡದ ಕೆಳಗೆ ಬಿದ್ಕೊಂಡಿದ್ದಾಗ ದೇವದೂತ ಒಂದು ಬುದ್ಧಿಮಾತೂ ಹೇಳ್ಲಿಲ್ಲ, ರೊಟ್ಟಿ ನೀರು ಇಟ್ಟು ತಟ್ಟಿ ಎಬ್ಬಿಸಿದ, ಉಂಡು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸಿದ. ದೇವರ ಮೆಲುದನಿ ಬಂದಿದ್ದು ಅದಾಗಿ 40 ದಿನ ಹಗಲೂ ರಾತ್ರಿ ನಡೆದ ಮೇಲೆ. ನಾನು ಆ ಭಾಗವನ್ನ ಮಕ್ಕಳಿಗೆ ಎಷ್ಟು ಸಲ ಕಲಿಸಿದೀನೋ ಲೆಕ್ಕ ಇಲ್ಲ, ಅರ್ಥ ಆಗಿದ್ದು ಆಯಿ ರೊಟ್ಟಿ ಮುರಿಯೋದು ನೋಡಿ.

ಎದ್ದ ಮೇಲೆ ಮಾತಿನ ಮಧ್ಯೆ "ನಾನೂ ಅಲ್ಲೇ ಹೋದ್ರ ಪಾಡಾಕ್ಕಿತ್ತು" ಅಂದ್ರು. ಇಂಥ ಮಾತು ಕೇಳಿದಾಗ ನಾವು ಛೇ ಹಂಗೆಲ್ಲಾ ಅನ್ಬಾರ್ದು ಅಂತ ಬಾಯಿ ಮುಚ್ಚಿಸ್ತೀವಿ. ನಾನು ಧೈರ್ಯ ತಗೊಂಡು ನೇರ ಕೇಳಿದೆ, ಜೀವ ತಗೊಳ್ಳೋ ಯೋಚನೆ ಬರುತ್ತಾ ಅಕ್ಕಾ ಅಂತ. ಎರಡು ಸಲ ಬಂದಿತ್ತು ಅಂದ್ರು. ಕೇಳಿದ್ದಕ್ಕೆ ಸಿಟ್ಟಾಗ್ಲಿಲ್ಲ, ಹಗುರ ಆದ ಹಾಗೆ ಕಂಡ್ರು. ಆ ವಾರಾನೇ ಧಾರವಾಡದ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೆ ಜೊತೇಲಿ ಹೋದ್ವಿ, ಮಗ ಬೆಂಗಳೂರಿಂದ ಬಂದ. ದೀರ್ಘಕಾಲ ಇಳಿಯದೇ ಇರೋ, ದಿನದ ಬದುಕನ್ನೇ ನಿಲ್ಲಿಸಿಬಿಡೋ ದುಃಖವನ್ನ ವೈದ್ಯರು ಈಗ ಬೇರೆಯಾಗೇ ಗುರುತಿಸ್ತಾರೆ, 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆರು ತಿಂಗಳು ಮೀರಿದ್ರೆ ಅಂತ ಇದೆ. ಮಾತ್ರೆಯಿಂದ ನಿದ್ದೆ ಬಂತು, ನಿದ್ದೆ ಬಂದ ಮೇಲೆ ಊಟ. ಪ್ರಾರ್ಥನೆ ಸಾಲ್ದೇನು ಅಂತ ಸಭೇಲಿ ಕೇಳಿದೋರಿದಾರೆ. ಅವರಿಗೆ ನನ್ನ ಉತ್ತರ, ಮಾತ್ರೆ ತಗೊಳ್ಳದೇ ಇದ್ದಿದ್ರೆ ಅಕ್ಕಾರಿಗೆ ಪ್ರಾರ್ಥನೆಗೆ ಕೂರೋಷ್ಟು ತ್ರಾಣಾನೂ ಇರ್ತಿರ್ಲಿಲ್ಲ. ಕೂಟ ನಡೆಸೋರು ಯಾರೇ ಆಗ್ಲಿ, ತಮ್ಮ ಕೈಲಿ ಆಗದ್ದು ಯಾವುದು ಅಂತ ಮೊದಲೇ ಗುರುತು ಹಾಕ್ಕೊಳ್ಳಿ. ಆಗ ಇನ್ನೂ ಇರ್ಲಿಲ್ಲ, 2022ರ ಅಕ್ಟೋಬರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ಬಹುದು, ನಂಬರ್ ನಮ್ಮ ರೂಮಿನ ಬಾಗಿಲಿಗೆ ಅಂಟಿಸಿದೀವಿ.

ಲೆಂತ್ ಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಎರಡನೇ ಬುಧವಾರ ಅಕ್ಕಾರು ವಾಪಸ್ ಬಂದ್ರು, ಎರಡು ಕರಾರು ಹಾಕಿ: ಹಾಡು ಅನ್ನಬಾರ್ದು, ಸಾಕ್ಷಿ ಅನ್ನಬಾರ್ದು. ಅವತ್ತಿಂದ ನಮ್ಮ ಕೂಟದೋರನ್ನ ವರ್ಷ ತುಂಬೋ ತನಕ ಯಾವ ಸಾಕ್ಷಿಗೂ ಕರೆಯೋ ಹಾಗಿಲ್ಲ ಅಂತ ಅಯ್ಯನವರೇ ಕಮಿಟೀಲಿ ಬರೆಸಿಟ್ರು. ಮಾರ್ಚ್ ಕೊನೇಲಿ 56ನೇ ಕೀರ್ತನೆ ಓದಿದ್ವಿ, ದೇವರು ನಮ್ಮ ಕಣ್ಣೀರನ್ನ ಬುದ್ದಲಿಯಲ್ಲಿ ತುಂಬಿಡ್ತಾನೆ ಅನ್ನೋದು. ಅಕ್ಕಾರು ಆಯೀನ ಕೇಳಿದ್ರು, ಬುದ್ದಲಿ ಅಂದ್ರ ಎಣ್ಣಿ ಇಡ್ತಿದ್ರಲ್ಲ ಚರ್ಮದ್ದು, ಅದನ? ಹೌದವಾ ಅಂದ್ರು ಆಯಿ. ಬಹಳ ಹೊತ್ತು ಸುಮ್ನಿದ್ದು ಆಗ ಹೇಳಿದ್ರು ನೆಟ್‌ವರ್ಕ್ ಹೋದ ವಿಷಯ. "ಎಲ್ಲಾರ ಮಣ್ಣಿಗೂ ಹೋಗಿ ಮೂರ ಮೂರ ಹಿಡಿ ಹಾಕಿ ಬಂದೇನ್ರಿ. ನನ್ನ ಗಂಡಗ ಒಂದ ಹಿಡಿ ಹಾಕ್ಲಿಲ್ಲ ನಾ. ಫೋನ್ ಹತ್ತೂದ್ರಾಗ ಮುಚ್ಚಿಬಿಟ್ಟಿದ್ರು."

ಏಳು ತಿಂಗಳು ನಾವು ಹುಡುಕ್ತಿದ್ದ ಗಂಟು ಅಲ್ಲಿತ್ತು. ನಾವು ವಿಶ್ವಾಸ ಕುಂದಿದೆ ಅಂದ್ಕೊಂಡಿದ್ವಿ.

2022ರ ಏಪ್ರಿಲ್ 16, ಶುಭ ಶುಕ್ರವಾರಕ್ಕೂ ಈಸ್ಟರ್‌ಗೂ ನಡುವಿನ ಶನಿವಾರ, ಸಂಜೆ ಐದಕ್ಕೆ ಸ್ಮಶಾನಕ್ಕೆ ಹೋದ್ವಿ. ಆ ಶನಿವಾರ ಅಯ್ಯನವರೇ ಆರಿಸಿದ್ದು, ಯೇಸು ಸಮಾಧೀಲಿದ್ದ ದಿನ, ಸ್ವರ್ಗದಿಂದ ಏನೂ ಕೇಳಿಸದ ದಿನ. ಗೋರಿ ಇನ್ನೂ ಕಟ್ಟಿಸಿರ್ಲಿಲ್ಲ, ಮಣ್ಣಿನ ದಿಬ್ಬ, ಮರದ ಶಿಲುಬೆ. ಕೂಟದ ಏಳು ಜನ, ಅಕ್ಕಾರ ಮಗ, ಅಯ್ಯನವರು ಪೂರ್ತಿ ನಿಲುವಂಗಿ ಹಾಕ್ಕೊಂಡು ಬಂದಿದ್ರು, ಅವತ್ತು ಆಗದೇ ಹೋದ ಅಂತ್ಯಕ್ರಿಯೆಯನ್ನ ಒಂದು ಮಾತೂ ಬಿಡದೆ ಓದಿದ್ರು. ಮಣ್ಣಿಗೆ ಮಣ್ಣು ಅನ್ನೋ ಕಡೆ ನಿಲ್ಲಿಸಿ ಅಕ್ಕಾರ ಕಡೆ ನೋಡಿದ್ರು. ಬೇಸಿಗೆ, ಎರಿಮಣ್ಣು ಒಣಗಿ ಹೆಂಟೆ ಕಟ್ಟಿತ್ತು. ಅಕ್ಕಾರು ಒಂದು ಹೆಂಟೆ ಎತ್ಕೊಂಡ್ರು, ಹಾಕ್ಲಿಲ್ಲ. ಎರಡು ಅಂಗೈ ನಡುವೆ ಇಟ್ಟು ಪುಡಿ ಮಾಡಕ್ಕೆ ಶುರು ಮಾಡಿದ್ರು. ಮಗ ಹಂಗೇ ಹಾಕವ್ವಾ ಅಂದ. "ಗಟ್ಟಿ ಐತೋ, ಬಡೀತೈತಿ ಅವರ್ಗ." ಹಿಟ್ಟಿನ ಹಾಗೆ ಆಗೋ ತನಕ ತಿಕ್ಕಿ ತಿಕ್ಕಿ ಮೂರು ಹಿಡಿ ಹಾಕಿದ್ರು, ಎಷ್ಟು ಹೊತ್ತಾಯ್ತೋ ಏನೋ, ಯಾರೂ ಗಡಿಯಾರ ನೋಡ್ಲಿಲ್ಲ. ಆಮೇಲೆ ಆಯಿ ತಂಬಿಗೆಯಿಂದ ಅವರ ಕೈಗೆ ನೀರು ಹಾಕಿದ್ರು. ಅದೇ ಹಿತ್ತಾಳೆ ತಂಬಿಗೆ.

ಮರುದಿನ ಈಸ್ಟರ್, ನಸುಕಿನಲ್ಲಿ ಅದೇ ಸ್ಮಶಾನದಲ್ಲಿ ಆರಾಧನೆ. ಗೋರಿಗಳ ನಡುವೆ ನಿಂತು ಸೂರ್ಯ ಹುಟ್ಟೋವಾಗ ಹಾಡೋ ಈ ಪದ್ಧತಿ 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಅನ್ನೋ ಊರಲ್ಲಿ ಮೊರೇವಿಯನ್ ಅನ್ನೋ ಪ್ರೊಟೆಸ್ಟೆಂಟ್ ಸಭೆಯ ಹುಡುಗರು ಶುರು ಮಾಡಿದ್ದು. ಅಕ್ಕಾರು ಮಾಸ್ತರ ದಿಬ್ಬದ ಪಕ್ಕ ನಿಂತಿದ್ರು, ಕೈಲಿ ಹಳದಿ ಟೇಪಿನ ಪುಸ್ತಕ. ನಾನು ಪಕ್ಕದಲ್ಲೇ ಇದ್ದೆ. ಹಾಡು ಶುರುವಾಯ್ತು, ಅವರು ತುಟಿ ಅಲ್ಲಾಡಿಸ್ಲಿಲ್ಲ, ಬೆರಳು ಮಾತ್ರ ಸಾಲಿನ ಮೇಲೆ ಸರೀತಿತ್ತು. ಪೆನ್ಸಿಲ್ ಗುರುತು ಬಂದ ಕಡೆ ಬೆರಳು ನಿಂತ್ಕೋತು, ಅವರು ಉದ್ದಕ್ಕೆ ಉಸಿರು ತಗೊಂಡ್ರು, ನನಗೆ ಕೇಳಿಸೋ ಹಾಗೆ. ಮುಂದಿನ ಗುರುತಿಗೆ ಮತ್ತೆ. ಹಾಡಿನ ನಾಲ್ಕೂ ಚರಣ ಹಾಗೇ, ದನಿ ಇಲ್ಲ, ಮಾಸ್ತರು ಉಸಿರು ತಗೋತಿದ್ದ ಕಡೆಯೆಲ್ಲ ಉಸಿರು ತಗೊಂಡ್ರು.

ವಾಪಸ್ ಬರೋವಾಗ ಅವರೇ ಹೇಳಿದ್ರು, "ನನಗ ಅಲ್ಲಿ ಉಸ್ರ ಬೇಕಾಗ್ತಿರ್ಲಿಲ್ರಿ, ಇಡೀ ಸಾಲ ಹೋಗ್ತಿತ್ತು ನನಗ. ಅವ್ರ ನಿಂದ್ರುತ್ತಿದ್ರು, ನಾ ಮುಂದ ಹೋಗ್ತಿದ್ನಿ. ಬರೇ ಜಗಳ ಇದಕ್ಕ."

ಬುಧವಾರಕ್ಕೆ ಈಗಲೂ ಬರ್ತಾರೆ, ಮಾತ್ರೆ ವೈದ್ಯರು ಹೇಳಿದ ಹಾಗೆ ಕಡಿಮೆ ಮಾಡಿ ನಿಲ್ಲಿಸಿದ್ರು. ಗೋರಿ ಕಟ್ಟಿಸಿ ಆಯ್ತು. ಕ್ವಾಯರ್‌ಗೆ ಇನ್ನೂ ಸೇರಿಲ್ಲ, ನಾವೂ ಕೇಳಿಲ್ಲ.